ಹನ್ನೆರಡು ಹೆಜ್ಜೆಗೊಂದು ಮುಚ್ಚಳ

"ರೀ! ಹೆಗ್ಗಣದವರೇ! ನಿಮಗೇ ಕಣ್ರೀ ಹೇಳ್ತಿರೋದು!"

ಬೇಸಿಗೆಯ ಬೆಳಗಿನ ಐದೂಮುಕ್ಕಾಲಿಗೆ ಕಡಲತೀರದಲ್ಲಿ ಎದ್ದ ಆ ಕೂಗಿಗೆ ಮೂರು ಏಡಿಗಳು ಸಂಸಾರ ಸಮೇತ ಮನೆ ಖಾಲಿ ಮಾಡಿದವು. ಯಾರಿಗೆ ಕೇಳಿಸಬೇಕಿತ್ತೋ ಅವನಿಗೆ ಮಾತ್ರ ಕೇಳಿಸಲಿಲ್ಲ.

ಅವನ ಕಿವಿಗಳ ಮೇಲೆ ಬಟ್ಟಲಿನಷ್ಟು ದೊಡ್ಡ ಹೆಡ್‌ಫೋನ್. ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಂಥ ಬಿಲ್ಲೆ... ಮರಳಿನೊಳಗಿನ ಲೋಹ ಪತ್ತೆ ಮಾಡುವ ಮೆಟಲ್ ಡಿಟೆಕ್ಟರ್. ಅದನ್ನು ತೊಟ್ಟಿಲು ತೂಗುವವನಂತೆ ಅತ್ತಿತ್ತ ಆಡಿಸುತ್ತಾ, ಲೋಕದ ಪರಿವೆಯಿಲ್ಲದೆ ನಡೆಯುತ್ತಿದ್ದ.

ಅವಳು ಟ್ರ್ಯಾಕ್ಟರಿನಿಂದ ಧುಮುಕಿದಳು. ಮುಂದಿನ ಚಕ್ರ ಅರ್ಧ ಹೂತುಹೋಗಿತ್ತು. ಹೋಗಿ ಅವನ ಹೆಡ್‌ಫೋನನ್ನು ಒಂದು ಕಡೆಯಿಂದ ಎಳೆದು ಕಿವಿಗೇ ಹೇಳಿದಳು.

"ಗುಂಡಿ ತೋಡಿದ್ದು ನೀವು ತಾನೇ?"

ಅವನು ಬೆಚ್ಚಿಬಿದ್ದ. ನಂತರ ನಕ್ಕ. ಅದೇ ತಪ್ಪಾಯಿತು.

"ತೋಡಿದ್ದು ನಾನೇ. ಆದ್ರೆ ಮುಚ್ಚಿದ್ದೀನಲ್ರೀ."

"ಮುಚ್ಚಿದ್ದೀರಿ, ತುಳಿದಿಲ್ಲ! ತೆರೆದ ಗುಂಡಿಯಾದ್ರೆ ಕಣ್ಣಿಗೆ ಕಾಣುತ್ತೆ. ಸಡಿಲ ಮರಳು ತುಂಬಿದ ಗುಂಡಿ ಕಾಣುತ್ತೇನ್ರೀ? ಚಕ್ರ ಇಳೀತು, ಹಿಂದಿನ ಯಂತ್ರದ ಎರಡು ಹಲ್ಲು ಬಾಗ್ತು. ಯಾರು ಉತ್ತರ ಕೊಡ್ಬೇಕು? ನಿಮ್ಮ ತಾತ?"

"ತಾತ ಇಲ್ಲ ಈಗ..."

'ಅಯ್ಯೋ, ಇವನಿಗೆ ಬೈಯೋದಕ್ಕೂ ಆಗಲ್ಲವಲ್ಲ!'

ಅವಳ ಕೆಲಸ ಇಷ್ಟೇ: ಜನ ಬರುವ ಮೊದಲು, ಕಬ್ಬಿಣದ ಹಲ್ಲುಗಳಿರುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಇಡೀ ತೀರದ ಮರಳನ್ನು ಬಾಚಿ ಕಸ ಎತ್ತುವುದು. ಅದಕ್ಕೇ ತೀರದವರೆಲ್ಲ ಅವಳನ್ನು ಬಾಚಣಿಗೆ ಎಂದೇ ಕರೆಯುತ್ತಿದ್ದರು. ನಾಲ್ಕು ಬೇಸಿಗೆ ಚೀಲ, ಚೂಪುಕೋಲು ಹಿಡಿದು ಒಂದೊಂದೇ ಕಾಗದ ಚುಚ್ಚಿದ ಮೇಲೆ ಆ ಟ್ರ್ಯಾಕ್ಟರಿನ ಸೀಟು ಸಿಕ್ಕಿತ್ತು. ಅದೂ ಒಂದು ಬೇಸಿಗೆಗೆ, ಪರೀಕ್ಷೆಗೆ. ದೂರು ಬಂದರೆ ಮತ್ತೆ ಚೀಲ, ಕೋಲು!

ಅವನು ಕೈಗಡಿಯಾರ ರಿಪೇರಿಯವನು. ಅಂಗಡಿ ತೆರೆಯುವುದು ಹತ್ತಕ್ಕೆ. ಅಲ್ಲಿಯವರೆಗೆ, ಸ್ನಾನಕ್ಕೆ ಬಂದವರು ಕಳೆದುಕೊಂಡ ಬೀಗದ ಕೈ, ಓಲೆ, ಉಂಗುರ ಹುಡುಕಿ ವಾಪಸ್ ಕೊಡುವುದು ಅವನ ಹುಚ್ಚು.

"ಕಬ್ಬಿಣ ಆದ್ರೆ ದನಿಯಲ್ಲೇ ಗೊತ್ತಾಗುತ್ತೆ, ಬಿಟ್ಟುಬಿಡ್ತೀನಿ," ಎಂದು ಅವನು ತಪ್ಪೊಪ್ಪಿಗೆಯ ದನಿಯಲ್ಲಿ ವಿವರಿಸಿದ. "ಅಲ್ಯೂಮಿನಿಯಂ ಮುಚ್ಚಳ ಮಾತ್ರ ಮೋಸ ಮಾಡುತ್ತೆ ನೋಡಿ. ಥೇಟ್ ಚಿನ್ನದ ಉಂಗುರದ ಹಾಗೇ ಕೂಗುತ್ತೆ. ಅಗೀದೇ ಬಿಡೋ ಹಾಗಿಲ್ಲ."

"ಹೌದಾ?" ಎಂದಳು ಅವಳು. ತುಂಬಾ ಮೆತ್ತಗೆ.

ಅವಳು ಮೆತ್ತಗೆ ಮಾತಾಡಿದರೆ ಮನೆಯವರು ಪಾತ್ರೆ ಎತ್ತಿಡುತ್ತಾರೆ. ಅವನಿಗೆ ಗೊತ್ತಿರಲಿಲ್ಲ, ಪಾಪ.

* * *

ತೀರದ ಮೆಟ್ಟಿಲ ಪಕ್ಕದಲ್ಲೇ ಅವಳ ಅತ್ತಿಗೆಯ ಶರಬತ್ತಿನ ಗಾಡಿ. ಗಾಜಿನ ಬಾಟಲಿ, ಕಿತ್ತಳೆ ಬಣ್ಣದ ಅಲ್ಯೂಮಿನಿಯಂ ಮುಚ್ಚಳ.

"ಮುಚ್ಚಳ ಯಾಕೇ ನಿನಗೆ? ಆಟ ಆಡೋ ವಯಸ್ಸಾ?"

"ಆಟವೇ ಅತ್ತಿಗೆ. ಹತ್ತು ದಿನದಲ್ಲಿ ಒಬ್ಬರು ಸೋತು ಮನೆಗೆ ಹೋಗ್ತಾರೆ."

ಮರುದಿನದಿಂದ, ಅವನು ಬರುವ ಮೊದಲೇ ಮರಳು ಬಾಚಿ ಮುಗಿಸಿ, ಹನ್ನೆರಡು ಹೆಜ್ಜೆಗೊಂದರಂತೆ ಮುಚ್ಚಳ ಹಾಕಿ, ಹಳೆಯ ಚೂಪುಕೋಲಿನಿಂದ ಒಂದು ಗೇಣು ಆಳಕ್ಕೆ ತಳ್ಳತೊಡಗಿದಳು. ಅವಳ ಯಂತ್ರದ ಹಲ್ಲಿಗೆ ಸಿಗದಷ್ಟು ಆಳ. ಅವನ ಕಿವಿಗೆ ಸಿಗುವಷ್ಟು ಮೇಲೆ!

'ಅಗಿ ಮಗನೇ, ಅಗಿ. ಎಷ್ಟು ದಿನ ಅಗೀತೀಯೋ ನೋಡ್ತೀನಿ.'

ಅವನು ಅಗೆದ. ಎರಡನೇ ದಿನ ಅಗೆದ. ಐದನೇ ದಿನ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಅಗೆದ. ಹತ್ತನೇ ದಿನದ ಹೊತ್ತಿಗೆ ತೀರದಲ್ಲಿ ಎಷ್ಟು ಗುಂಡಿ ತೋಡಿ ಮುಚ್ಚಿದ್ದನೆಂದರೆ, ಅಲೆಗಳು ಕೂಡ ಸುತ್ತು ಹಾಕಿಕೊಂಡು ಬರುತ್ತಿದ್ದವು.

ಗುಂಡಿ ಬೇಡವೆಂದು ಜಗಳ ಆಡಿದವಳು, ತನ್ನ ಕೈಯಾರೆ ದಿನಕ್ಕೆ ಮೂವತ್ತು ಗುಂಡಿ ತೋಡಿಸುತ್ತಿದ್ದಳು! ಅದು ಅವಳಿಗೆ ಹೊಳೆದಾಗ ಹನ್ನೊಂದು ದಿನ ಕಳೆದಿತ್ತು. ಅಷ್ಟರಲ್ಲಿ ಬಿಟ್ಟುಕೊಡುವುದು ಮಾನದ ಪ್ರಶ್ನೆಯಾಗಿತ್ತು.

ಇನ್ನೂ ಸಿಟ್ಟು ಬರಿಸಿದ್ದು ಅವನ ವಿನಯ. ಈಗ ಪ್ರತಿ ಗುಂಡಿಯನ್ನೂ ಮುಚ್ಚಿ, ಮೇಲೆ ನಿಂತು ಧಪಧಪ ತುಳಿಯುತ್ತಿದ್ದ. ತುಳಿದು ಮುಗಿಸಿ ಅವಳ ಟ್ರ್ಯಾಕ್ಟರಿನ ಕಡೆ ನೋಡುತ್ತಿದ್ದ, ಮಾರ್ಕ್ಸ್ ಕೊಡಿ ಎನ್ನುವಂತೆ.

"ಸಾಕಾ ಮೇಡಂ?"

"ಇನ್ನೂ ನಾಲ್ಕು ಸಲ!"

ನಾಲ್ಕು ಸಲ ತುಳಿಯುತ್ತಿದ್ದ. ಇಂಥವನ ಜೊತೆ ಜಗಳವಾದರೂ ಹೇಗೆ ಆಡುವುದು?

"ಆ ಹುಡುಗನ್ನ ಎಷ್ಟು ಗೋಳು ಹೊಯ್ಕೋತೀಯೇ," ಎಂದಳು ಅತ್ತಿಗೆ ಒಂದು ದಿನ. "ನಿನ್ನೆ ಅವನು ಅರ್ಧ ಗಂಟೆ ತಡವಾಗಿ ಬಂದ. ನೀನು ಒಂದೇ ಜಾಗ ಮೂರು ಸಲ ಬಾಚ್ದೆ."

"ಕಸ ಇತ್ತು."

"ಕಸ ಅಲ್ಲಿರ್ಲಿಲ್ಲ. ನಿನ್ನ ಕಣ್ಣಲ್ಲಿತ್ತು. ಮೆಟ್ಟಿಲ ಕಡೇನೇ ನೆಟ್ಟಿತ್ತು."

"ಅತ್ತಿಗೆ, ಸುಮ್ನೆ ಶರಬತ್ತು ಮಾರಿ!"

* * *

ಇಪ್ಪತ್ತಮೂರನೇ ದಿನ ಬೆಳಿಗ್ಗೆ ವಾಕಿಂಗ್ ಅಜ್ಜಿ ಬಿದ್ದರು.

ದಿನಾ ಅಲೆಯ ಅಂಚಿನಲ್ಲಿ ಸೈನಿಕರಂತೆ ನಡೆಯುವ ಅಜ್ಜಿ. ಅವನು ಒಂದು ಗುಂಡಿ ತೋಡಿ, ಮುಚ್ಚಳ ಹೆಕ್ಕಿ, ಇನ್ನೇನು ಮರಳು ಎಳೆಯಬೇಕು... ಅಷ್ಟರಲ್ಲಿ ಯಾರೋ ಕನ್ನಡಕ ಕಳೆದುಹೋಯಿತೆಂದು ಕರೆದರು. ತಿರುಗಿದ. ಹಿಂದಿನಿಂದ "ಅಯ್ಯಯ್ಯೋ!" ಎಂಬ ಕೂಗು.

ಪಾದ ಉಳುಕಿತ್ತು. ಮುಂದಿನ ದೃಶ್ಯ ತೀರದ ತುದಿಯ ಆಫೀಸಿನಲ್ಲಿ. ಒಂದು ಮೇಜು, ಒಂದು ಫ್ಯಾನು, ಗೋಡೆಗೆ ತೂಗುಹಾಕಿದ ಟ್ರ್ಯಾಕ್ಟರ್ ಕೀ. ಅಜ್ಜಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಸೂಪರ್‌ವೈಸರ್ ಕೆಂಪಾಗಿದ್ದರು. ಅವನು ಕೈಕಟ್ಟಿ ನಿಂತಿದ್ದ. ಅಜ್ಜಿಯನ್ನು ಕರೆತಂದ ಅವಳು ಬಾಗಿಲಲ್ಲೇ ನಿಂತಿದ್ದಳು.

"ಇವತ್ತಿಂದ ಈ ಬೀಚಿಗೆ ನಿಮ್ಮ ಮಷಿನ್ ಬರಕೂಡದು, ನೀವೂ ಬರಕೂಡದು! ತಿಂಗಳಿಂದ ಅಗೀತಿದ್ದೀರಲ್ಲ, ಏನ್ರೀ ಸಿಕ್ತು ಅಂಥಾದ್ದು?"

ಅವನು ಸೊಂಟದ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ.

ಕಿತ್ತಳೆ ಮುಚ್ಚಳಗಳು. ಗಲಗಲನೆ ಉರುಳಿ, ಮೇಜು ತುಂಬಿ, ಕೆಲವು ಅವಳ ಕಾಲ ಬಳಿಗೇ ಬಂದು ನಿಂತವು.

"ಬರೀ ಮುಚ್ಚಳ?"

"ಬರೀ ಮುಚ್ಚಳ ಸಾರ್."

"ಯಾರು ಹಾಕಿದ್ದು ಇಷ್ಟೊಂದು?"

ಅವನು ಒಂದೇ ಒಂದು ಕ್ಷಣ ಅವಳನ್ನು ನೋಡಿದ.

'ಇವನಿಗೆ ಗೊತ್ತು! ಎಲ್ಲಾ ಗೊತ್ತು!'

"ಜನ ಎಸೀತಾರೆ ಸಾರ್," ಎಂದ ಅವನು. "ತಪ್ಪು ನಂದೇ. ಗುಂಡಿ ಮುಚ್ಚದೆ ತಿರುಗಬಾರದಿತ್ತು. ಅಜ್ಜೀ, ಕ್ಷಮಿಸಿ."

ಅಲ್ಲಿಗೆ ಮುಗಿದಿತ್ತು. ಹೆಗ್ಗಣ ಹೋಯಿತು, ಟ್ರ್ಯಾಕ್ಟರ್ ಉಳಿಯಿತು. ಅವಳು ಬೇಡಿದ್ದೂ ಇದನ್ನೇ ಅಲ್ಲವೇ? ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಅವಳ ಬಾಯಿ ಹುಟ್ಟಿದಾಗಿನಿಂದ ಅವಳ ಮಾತು ಕೇಳಿದ್ದಿಲ್ಲ.

"ಹಾಕಿದ್ದು ನಾನು!"

ಫ್ಯಾನು ಕೂಡ ಒಂದು ಸುತ್ತು ತಪ್ಪಿಸಿತು.

"ಏನಮ್ಮಾ?"

"ನಾನೇ ಸಾರ್. ಇವ್ರಿಗೆ ಬೇಜಾರಾಗಿ ಓಡಿಹೋಗ್ಲಿ ಅಂತ ದಿನಾ ಹೂತಿಟ್ಟೆ. ಇವ್ರು ಓಡಿಹೋಗ್ಲಿಲ್ಲ. ಅದು ನನ್ನ ತಪ್ಪಾ?... ಹ್ಞೂಂ, ನನ್ನದೇ ತಪ್ಪು."

ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಸೂಪರ್‌ವೈಸರ್ ಎದ್ದು ಗೋಡೆಯ ಕೀ ತೆಗೆದು ಡ್ರಾಯರಿಗೆ ಹಾಕಿ ಬೀಗ ಜಡಿದರು.

"ಚೀಲ, ಕೋಲು ತಗೋ. ಗಾಡಿ ಮುಟ್ಟಬೇಡ."

"ತಡಿಯಪ್ಪಾ," ಎಂದರು ಅಜ್ಜಿ ಸ್ಟೂಲಿನಿಂದಲೇ. "ಬಿದ್ದವಳು ನಾನು, ಬಾಯಿಬಿಡದೆ ಕೂತಿದ್ದೀನಿ. ನಿನಗೇನು ಇಷ್ಟು ಉರಿ? ಮರಳಲ್ಲಿ ಇನ್ನೂ ಎಷ್ಟು ಮುಚ್ಚಳ ಇದೆಯಮ್ಮಾ?"

"ಒಂದು... ನೂರು ಇರಬಹುದು."

"ಅದನ್ನ ತೆಗೆಯೋರು ಯಾರು? ನನ್ನ ಕಾಲಾ? ಈ ಹುಡುಗನ ಮಷಿನ್‌ಗೆ ಮಾತ್ರ ಸಿಗೋದು. ಎಲ್ಲಿ ಹಾಕಿದ್ದಾಳೆ ಅನ್ನೋದು ಈ ಹುಡುಗೀಗೆ ಮಾತ್ರ ಗೊತ್ತು. ಇಬ್ಬರೂ ಸೇರಿ ಪೂರ್ತಿ ತೆಗೀಲಿ. ಆಮೇಲೆ ಕೀ ಕೊಡು. ಇಲ್ಲಾಂದ್ರೆ ನಾನು ಇಲ್ಲಿಂದ ಏಳೋದೇ ಇಲ್ಲ."

ಏಳಲು ಅವರಿಗೆ ಆಗುತ್ತಲೂ ಇರಲಿಲ್ಲ. ಆದರೆ ಸೂಪರ್‌ವೈಸರ್ ಹೆದರಿದರು.

* * *

ಎಂಟು ಬೆಳಗು. ಅವನು ಮುಂದೆ, ಅವಳು ಹಿಂದೆ. ಅವನು ತೋಡುತ್ತಿದ್ದ, ಅವಳು ಹೆಕ್ಕಿ, ಮುಚ್ಚಿ, ತುಳಿಯುತ್ತಿದ್ದಳು.

"ಇನ್ನೂ ನಾಲ್ಕು ಸಲ," ಎನ್ನುತ್ತಿದ್ದ ಅವನು.

"ಗುಂಡಿಗೆ ನಿಮ್ಮನ್ನೇ ಹಾಕಿ ತುಳೀತೀನಿ!"

ಮೂರನೆಯ ಬೆಳಗಿನಲ್ಲಿ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾವತ್ತು ಗೊತ್ತಾಯ್ತು?"

"ಎರಡನೇ ದಿನಾನೇ. ಎಲ್ಲಾ ಒಂದೇ ಬಣ್ಣ. ಎಲ್ಲಾ ನಿಮ್ಮ ಚಕ್ರದ ಗುರುತಿನ ಪಕ್ಕಕ್ಕೇ. ಹನ್ನೆರಡು ಹೆಜ್ಜೆಗೊಂದು. ಗಡಿಯಾರದವನಿಗೆ ಹನ್ನೆರಡು ತಿಳಿಯಲ್ವಾ?"

"ತಿಳಿದೂ ಅಗೆದ್ರಾ? ನಿಮಗೆ ತಲೆ ಕೆಟ್ಟಿದ್ಯಾ?"

ಅವನು ಹೆಡ್‌ಫೋನ್ ಕತ್ತಿಗೆ ಇಳಿಸಿದ.

"ಮುಂಜಾನೆ ಎದ್ದು ನನಗೋಸ್ಕರ ಅಷ್ಟೊಂದು ಕಷ್ಟಪಟ್ಟು ಹೂತಿಡ್ತಿದ್ರಿ. ಅಗೀದೇ ಬಿಟ್ರೆ ಬೇಜಾರಾಗುತ್ತೇನೋ ಅನ್ಕೊಂಡೆ. ನಿಮಗೆ... ನಾನು ಇಲ್ಲೇ ಇರಲಿ ಅಂತ ಇದೆಯೇನೋ ಅನ್ಕೊಂಡೆ."

"ಅಯ್ಯೋ ದೇವರೇ! ಅದು ಸೇಡು ಕಣ್ರೀ, ಸೇಡು!"

"ಹೌದಾ?" ಅವನ ಮುಖ ಬಾಡಿತು. ಸ್ವಲ್ಪ ಯೋಚಿಸಿದ. "ನನ್ನೊಬ್ಬನ ಮೇಲೇನಾ?"

"ಇನ್ಯಾರ ಮೇಲೆ?"

"ಹಾಗಾದ್ರೆ ಪರವಾಗಿಲ್ಲ," ಎಂದು ಹೆಡ್‌ಫೋನ್ ಏರಿಸಿಕೊಂಡು ಮುಂದೆ ನಡೆದ.

ಅವಳು ಅಲ್ಲೇ ನಿಂತಳು. ಅಲೆ ಬಂದು ಪಾದ ತೊಯ್ಯಿಸಿ ಹೋಯಿತು. 'ಇಂಥ ಪೆದ್ದನನ್ನ ನಾನು ಇಪ್ಪತ್ತಮೂರು ದಿನ ಕಣ್ಣು ಮಿಟುಕಿಸದೆ ನೋಡಿದ್ದೀನಲ್ಲ... ಆಗ ನಾನು ಏನು?'

ಎಂಟನೆಯ ಬೆಳಗು ಅವನು ತೀರದ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬಂದ. ಯಂತ್ರ ತುಟಿಪಿಟಕ್ ಎನ್ನಲಿಲ್ಲ.

"ಮುಗೀತು," ಎಂದ. "ಹೋಗಿ ಕೀ ಇಸ್ಕೊಳ್ಳಿ."

"ಇನ್ನೊಂದು ಸಲ ನೋಡಿ."

"ಒಂದೂ ಇಲ್ಲ ಮೇಡಂ."

"ನೋಡಿ ಅಂದ್ರೆ ನೋಡ್ರೀ!"

ಅವನು ನೋಡಿದ. ಮರಳನ್ನಲ್ಲ, ಅವಳನ್ನು. ಕೀ ಸಿಗುವ ದಿನ ಯಾರಾದರೂ ಹೀಗೆ ಮುಖ ಊದಿಸಿಕೊಳ್ಳುತ್ತಾರೆಯೇ?

"ನಾಳೆಯಿಂದ ನಾನು ಈ ಬೀಚಿಗೆ ಬರೋ ಹಾಗಿಲ್ಲ," ಎಂದ ಮೆಲ್ಲಗೆ. "ಸೂಪರ್‌ವೈಸರ್ ಆ ಮಾತು ಮಾತ್ರ ವಾಪಸ್ ತಗೊಳ್ಳಲ್ಲ ಅಂದಿದ್ದಾರೆ."

"ಬೀಚಿಗೆ ತಾನೇ?"

"ಹ್ಞೂಂ."

"ಮನೆಗೆ ಬರಬೇಡಿ ಅಂತ ಅಂದಿಲ್ವಲ್ಲ?"

"ಯಾರ ಮನೆಗೆ?"

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಇವ್ರಿಗೆ ಇದನ್ನೂ ಬಿಡಿಸಿ ಹೇಳಬೇಕಾ! ನಮ್ಮ ಮನೆಗೆ ಕಣ್ರೀ! ಸಂಜೆ ಆರಕ್ಕೆ. ಅಣ್ಣ ಇರ್ತಾನೆ. ಏನು ಕೆಲಸ, ಯಾಕೆ ಬಂದ್ರಿ ಅಂತ ಕೇಳ್ತಾನೆ. ನಗಬೇಡಿ, ಅವನಿಗೆ ಆಗಲ್ಲ."

"ಯಾಕೆ ಬಂದೆ ಅಂತ ಹೇಳ್ಲಿ?"

"ನನ್ನನ್ನ ಕೇಳ್ತೀರಾ?"

"ನಿಮ್ಮನ್ನೇ ಕೇಳ್ತೀನಿ," ಎಂದ ಅವನು. ಈ ಸಲ ನಗಲಿಲ್ಲ. "ನಿಮ್ಮನ್ನ ಕೇಳೋಕೆ ಬಂದೆ ಅಂತ ಹೇಳ್ತೀನಿ. ಆಗ್ಬಹುದಾ?"

ಬೈಯಲೆಂದು ಅವಳು ಬಾಯಿ ತೆರೆದಳು. ಆ ಬಾಯಿ ಎಂದಿನಂತೆ ಅವಳ ಮಾತು ಕೇಳಲಿಲ್ಲ.

"ಐದೂವರೆಗೇ ಬನ್ನಿ."