ತಿರುಗುಮುರುಗು ಅಕ್ಷರ

ತಿಂಡಿಗೆ ಕರೆಯಲು ಬಂದ ಹೆಂಡತಿ ಮೊದಲು ನೋಡಿದ್ದು ಉರಿಯುತ್ತಲೇ ಇದ್ದ ಗ್ಯಾಸಿನ ಒಲೆಯನ್ನು. ಆಮೇಲೆ, ಮೇಜಿನ ಆಚೆ ಚಾಚಿಕೊಂಡಿದ್ದ ಗಂಡನ ಕಾಲನ್ನು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಓಣಿಯ ತುಂಬ ಜನ. ಆಕೆ ಎಲ್ಲರನ್ನೂ ಸರಿಸಿ ಒಳಹೊಕ್ಕಳು. ನಿಯಾನ್ ಬೋರ್ಡು ಮಾಡುವ ಕಾರ್ಖಾನೆ ಎಂದರೆ ಒಂದೇ ಕೋಣೆ. ಗೋಡೆಗೆ ಒರಗಿಸಿದ ಗಾಜಿನ ಕೊಳವೆಗಳು, ಮೂಲೆಯಲ್ಲಿ ಗಾಳಿ ಹೀರುವ ಪಂಪು, ನಡುವೆ ಉದ್ದನೆಯ ಮೇಜು. ಮೇಜಿನ ಪಕ್ಕದಲ್ಲಿ, ಪೇಟೆಯ ಅರ್ಧ ಅಂಗಡಿಗಳಿಗೆ ಬಣ್ಣದ ಬೆಳಕು ಬಾಗಿಸಿಕೊಟ್ಟಿದ್ದ ಮೇಷ್ಟ್ರು ಸತ್ತು ಬಿದ್ದಿದ್ದರು. ಬಲಗೈಯಲ್ಲಿ ಟ್ರಾನ್ಸ್‌ಫಾರ್ಮರಿನ ತಂತಿ.

"ಕರೆಂಟು ಹೊಡೆದಿದೆ ಮೇಡಂ," ಎಂದ ದಫೇದಾರ. "ಸಾವಿರಾರು ವೋಲ್ಟು. ಉಸಿರೆತ್ತೋಕೂ ಬಿಟ್ಟಿರಲ್ಲ."

"ತಲೆ ಹಿಂದೆ ರಕ್ತ ಇದೆಯಲ್ರೀ?"

"ಬೀಳುವಾಗ ಮೇಜಿನ ಕಬ್ಬಿಣದ ಕಾಲು ತಾಗಿರಬೇಕು."

ಮೇಜಿನ ಮೇಲೆ ತೆಳು ಕಾಗದದ ನಕ್ಷೆ ಹಾಸಿತ್ತು. ಅದರ ಮೇಲೆ ಬಾಗಿಸಿದ ಗಾಜಿನ ಒಂದು ತುಂಡು. ಆಕೆ ಬಗ್ಗಿ ಓದಿದಳು: ಹೊಂಬೆಳಕು ಲಾಡ್ಜ್.

"ಪಾಪ, ಕೆಲಸದ ಮಧ್ಯದಲ್ಲೇ ಹೋದ್ರು," ಎಂದ ದಫೇದಾರ.

*

ಮಧ್ಯಾಹ್ನ ಡಾಕ್ಟರು ಫೋನು ಮಾಡಿದರು. "ಅಂಗೈ ಸುಟ್ಟಿರೋದು ಪ್ರಾಣ ಹೋದ ಮೇಲೆ. ಸತ್ತಿದ್ದು ತಲೆಪೆಟ್ಟಿಗೆ."

ಅಂದರೆ ಹೆಣದ ಕೈಗೆ ಯಾರೋ ತಂತಿ ಹಿಡಿಸಿದ್ದರು.

ಕಾರ್ಖಾನೆಯ ಮುಂದಿನ ಜಗಲಿಯಲ್ಲಿ ಮೇಷ್ಟ್ರ ತಮ್ಮ ಕೂತಿದ್ದ. ಗಿರಾಕಿಗಳನ್ನು ಹಿಡಿಯುವುದು, ಸಿದ್ಧವಾದ ಬೋರ್ಡನ್ನು ಅಂಗಡಿಯ ನೆತ್ತಿಗೆ ಏರಿಸುವುದು ಅವನ ಪಾಲಿನ ಕೆಲಸ. ತಾಯಿ ಸತ್ತ ಮೇಲೆ ಅಣ್ಣ ಅತ್ತಿಗೆಯೇ ಅವನನ್ನು ಸಾಕಿದ್ದರು. ಅತ್ತು ಅತ್ತು ಕಣ್ಣು ಕೆಂಡವಾಗಿತ್ತು.

"ಯಾರ ಮೇಲಾದ್ರೂ ಅನುಮಾನ?"

"ಇನ್ಯಾರ ಮೇಲೆ ಮೇಡಂ? ಅಣ್ಣನ ಶಿಷ್ಯ ಒಬ್ಬನಿದ್ದ. ಕೆಲಸ ಬಿಡಿಸಿದ್ದಕ್ಕೆ, 'ನಿಮ್ಮ ಒಲೆ ಆರಿಹೋಗ್ಲಿ' ಅಂತ ಬೀದೀಲಿ ನಿಂತು ಶಾಪ ಹಾಕಿದ್ದ."

"ಗಾಜು ಬಾಗಿಸೋದು ನಿಮಗೆ ಬರುತ್ತಾ?"

ತಮ್ಮನ ತುಟಿ ಸೊಟ್ಟಗಾಯಿತು. "ಒಲೆ ಹಚ್ಚಿದ್ರೆ ನನಗೆ ಬಾಗಿಲು ಹಾಕ್ತಿದ್ದ. ಹೊರಗಿನವನಿಗೆ ಕೈಹಿಡಿದು ಕಲಿಸಿದ. ಒಡಹುಟ್ಟಿದವನು ಏಣಿ ಹೊರಬೇಕು."

"ಇವತ್ತು ಒಳಗೆ ಹೋಗಿದ್ರಾ?"

"ಇಲ್ಲ. ಅತ್ತಿಗೆ ಕೂಗಿದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಕಾಲೇ ಏಳಲಿಲ್ಲ."

*

ಶಿಷ್ಯ ಈಗ ಕಾರು ತೊಳೆಯುವ ಶೆಡ್ಡಿನಲ್ಲಿದ್ದ. ಮೂವತ್ತು ದಾಟಿದ ಗಂಡಸು. ಪೊಲೀಸರನ್ನು ಕಂಡವನೇ ಪೈಪು ಕೆಳಗಿಟ್ಟ.

"ಶಾಪ ಹಾಕಿದ್ದೆ, ಸುಳ್ಳು ಹೇಳಲ್ಲ. ಯಾಕೋ ಏನೋ, ನನ್ನ ಕೈ ನಡುಗೋಕೆ ಶುರುವಾಯ್ತು. ಗೆರೆ ನೆಟ್ಟಗೆ ಬರಲ್ಲ ಅಂತ ಕಳಿಸಿಬಿಟ್ರು. ಅವರ ಕೈ ನೆಟ್ಟಗಿತ್ತಾ? ಅವರೂ ನಡುಗ್ತಾನೇ ಇದ್ರು!"

"ಬೆಳಿಗ್ಗೆ ಎಲ್ಲಿದ್ದೆ?"

"ರೂಮಲ್ಲಿ ಮಲಗಿದ್ದೆ. ಒಬ್ಬನೇ."

ದಫೇದಾರ ಆಕೆಯ ಕಿವಿಯಲ್ಲಿ ಹೇಳಿದ: "ಕೋಳಿ ತಾನಾಗೇ ಬುಟ್ಟಿಗೆ ಬಂತು ಮೇಡಂ."

ಆಕೆಗೂ ಹಾಗೇ ಅನ್ನಿಸಿತ್ತು. ಅವನನ್ನು ಜೀಪು ಹತ್ತಿಸಿ ಕಾರ್ಖಾನೆಗೇ ಕರೆತಂದಳು.

*

ಗೋಡೆಯ ಮೊಳೆಗಳಿಗೆ ಹಳೆಯ ನಕ್ಷೆಗಳನ್ನು ಸಿಕ್ಕಿಸಿದ್ದರು. ಆಕೆ ಒಂದೊಂದನ್ನೇ ನೋಡಿದಳು. ಒಂದನ್ನೂ ಓದಲಾಗಲಿಲ್ಲ.

"ಇದೇನ್ರೀ, ಮಂತ್ರವಾದಿ ಲಿಪಿ ಇದ್ದಂಗಿದೆ?" ಎಂದ ದಫೇದಾರ.

ಮೇಷ್ಟ್ರ ಹೆಂಡತಿ ಸೆರಗಿನಿಂದ ಮೂಗೊರಸಿಕೊಂಡಳು. "ಉಲ್ಟಾ ಬರಹ ಅಷ್ಟೇ. ಕಾದ ಗಾಜನ್ನ ಮೇಜಿಗೆ ಒತ್ತಿ ಬಾಗಿಸ್ತಾರೆ. ಮೇಜಿಗೆ ತಾಗಿದ ಕಡೆ ಚಪ್ಪಟೆಯಾಗಿರುತ್ತೆ. ಅದೇ ಬೀದಿಗೆ ಕಾಣೋ ಮುಖ. ಹಾಗಾಗಿ ಕೆಲಸ ಮಾಡೋರು ಯಾವಾಗ್ಲೂ ಅಕ್ಷರದ ಬೆನ್ನನ್ನೇ ನೋಡ್ತಿರ್ತಾರೆ."

ಇನ್ಸ್‌ಪೆಕ್ಟರ್ ಥಟ್ಟನೆ ಮೇಜಿನ ಕಡೆ ತಿರುಗಿದಳು. ಬೆಳಿಗ್ಗೆ ಲಾಡ್ಜಿನ ಹೆಸರನ್ನು ತಾನು ನೀರು ಕುಡಿದಷ್ಟು ಸಲೀಸಾಗಿ ಓದಿದ್ದಳು.

ನಕ್ಷೆಯನ್ನು ಎತ್ತಿ ಸುರುಳಿ ಸುತ್ತಿದಳು. "ಶಿಷ್ಯನನ್ನ ಕರೀರಿ."

ಅವನು ಬಂದ. "ಇದನ್ನ ಕೆಲಸಕ್ಕೆ ಹಾಸು," ಎಂದಳು. ಅವನು ನಡುಗುವ ಕೈಯಲ್ಲಿ ಸುರುಳಿ ಬಿಚ್ಚಿದ, ನೋಡಿದ, ಮಗುಚಿ ಹಾಸಿದ. ತೆಳು ಕಾಗದದ ಬೆನ್ನಿಂದ ಹೆಸರು ತಿರುಗುಮುರುಗಾಗಿ ಕಂಡಿತು. ಆಕೆ ಮತ್ತೆ ಸುತ್ತಿ, ಅವನನ್ನು ಅಲ್ಲೇ ನಿಲ್ಲಿಸಿಕೊಂಡು ತಮ್ಮನನ್ನು ಕರೆಸಿದಳು.

"ನೀವೂ ಹಾಸಿ."

ತಮ್ಮ ಹಾಸಿದ. ಎರಡೂ ಅಂಗೈಯಿಂದ ಸುಕ್ಕು ಸವರಿದ. ಹೊಂಬೆಳಕು ಲಾಡ್ಜ್.

"ಅಯ್ಯೋ, ಅದು ಉಲ್ಟಾ ಆಯ್ತಲ್ಲ," ಎಂದುಬಿಟ್ಟ ಶಿಷ್ಯ.

ಅತ್ತಿಗೆ ಮೈದುನನ ಮುಖವನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ನಕ್ಷೆ ಹೀಗೇ ಇತ್ತು," ಎಂದಳು ಇನ್ಸ್‌ಪೆಕ್ಟರ್. "ಮೇಷ್ಟ್ರು ಕೆಲಸ ಮಾಡ್ತಿರಲಿಲ್ಲ. ಮಾಡ್ತಿದ್ರು ಅಂತ ನಂಬಿಸೋಕೆ ಯಾರೋ ಒಲೆ ಹಚ್ಚಿ, ಇದನ್ನ ಹಾಸಿ, ಮೇಲೊಂದು ಗಾಜಿನ ತುಂಡು ಇಟ್ಟಿದ್ದಾರೆ. ಗಾಬರೀಲಿ ಕೈ ತನಗೆ ರೂಢಿಯಾದದ್ದನ್ನೇ ಮಾಡುತ್ತೆ. ಈ ಕೋಣೇಲಿ ಬೆಳೆದ ಕೈ ಮಗುಚಿ ಹಾಸುತ್ತೆ. ಬೋರ್ಡನ್ನ ಬೀದಿಯಿಂದಲೇ ನೋಡಿದವನ ಕೈ, ಓದೋಕೆ ಬರೋ ಹಾಗೆ ಹಾಸುತ್ತೆ. ತಂತಿ ಎಲ್ಲಿ ಹಿಡಿದ್ರೆ ಏನಾಗುತ್ತೆ ಅಂತ ಬೋರ್ಡು ಏರಿಸೋನಿಗೆ ಗೊತ್ತೇ ಇರುತ್ತೆ. ಹೌದಾ?"

ತಮ್ಮ ನಕ್ಷೆಯ ಮೇಲಿಂದ ಕೈ ತೆಗೆದ.

"ಲಾಡ್ಜಿಗೆ ಪ್ಲಾಸ್ಟಿಕ್ ದೀಪ ಹಾಕೋಣ ಅಂದೆ. ಆಗಲ್ಲ ಅಂದ. ಹಾಗಾದ್ರೆ ನನಗೂ ಗಾಜು ಕಲಿಸು ಅಂದೆ. 'ಅದು ನಿನ್ನ ಕೈಲಾಗೋ ಕೆಲಸ ಅಲ್ಲ' ಅಂದ. ಮೀಸೆ ಬಂದಾಗಿನಿಂದ ಅದೇ ಮಾತು ಕೇಳ್ತಿದೀನಿ! ತಳ್ಳಿದೆ. ಸಾಯ್ತಾನೆ ಅಂತ..."

"ಕೈಲಾಗಲ್ಲ ಅಂತಲ್ಲ ಕಣೋ." ಅತ್ತಿಗೆಯ ದನಿ ಮೆಲ್ಲಗಿತ್ತು. "ನೀಲಿ ದೀಪಕ್ಕೆ ಪಾದರಸ ಹಾಕ್ತಾರೆ. ಅದರ ಹೊಗೆ ವಿಷ. ನರಕ್ಕೆ ಇಳಿಯುತ್ತೆ. 'ಅಮ್ಮ ನನ್ನ ಮಡಿಲಿಗೆ ಹಾಕಿಹೋದ ಕೂಸು, ಇವನನ್ನ ಒಲೆ ಹತ್ರ ಬಿಡಬೇಡ' ಅಂತಿದ್ರು ನಿಮ್ಮಣ್ಣ."

"ನನಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಿದ್ರೆ, 'ಅಣ್ಣನ ಜೊತೆ ನಾನೂ ಸಾಯ್ತೀನಿ' ಅಂತ ನೀನು ಹಟ ಹಿಡಿದು ಒಳಗೆ ಬರ್ತಿದ್ದೆ. ಕೆಟ್ಟ ಅಣ್ಣ ಅನ್ನಿಸಿಕೊಂಡ್ರೂ ಚಿಂತೆಯಿಲ್ಲ ಅಂದ್ರು."

ದಫೇದಾರ ತಮ್ಮನ ರಟ್ಟೆ ಹಿಡಿದು ಹೊರಗೆ ನಡೆಸಿದ. ಓಣಿಯಲ್ಲಿ ಗದ್ದಲವೆದ್ದಿತು.

"ನೀನು ಹೋಗಬಹುದಪ್ಪ," ಎಂದಳು ಇನ್ಸ್‌ಪೆಕ್ಟರ್ ಶಿಷ್ಯನಿಗೆ.

ಅವನು ಹೋಗಲಿಲ್ಲ. ಮೇಷ್ಟ್ರ ಹೆಂಡತಿಯ ಎದುರು ನಿಂತ.

"ಅಮ್ಮ, ಅದು ವಿಷ ಅಂತ ಮೇಷ್ಟ್ರಿಗೆ ಮೊದಲೇ ಗೊತ್ತಿತ್ತಾ? ನಾನು ಸೇರೋಕೆ ಮೊದಲೇ?"

ಅವಳು ಹೌದೆಂದು ತಲೆಯಾಡಿಸಿದಳು.

"ನನ್ನ ಬಗ್ಗೆ ಏನಂತಿದ್ರು?"

ಅವಳು ಒಲೆಯ ಕಡೆ ನೋಡಿದಳು, ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಕೊನೆಗೆ ಅವನನ್ನು ನೋಡಲೇಬೇಕಾಯಿತು.

"ನಿನ್ನ ಬಗ್ಗೆ ಏನೂ ಅಂತಿರಲಿಲ್ಲಪ್ಪ."