ಸತ್ತವರ ಬೆಂಚು

ಬುಧವಾರ ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಹದಿನಾಲ್ಕು ಜನ ಸತ್ತಿದ್ದರು.

ಸತ್ತವರೆಲ್ಲ ಏಳನೇ ತರಗತಿ ‘ಎ’ ಸೆಕ್ಷನ್ನಿನ ಹಿಂದಿನ ಬೆಂಚುಗಳಲ್ಲಿ ಸಾಲಾಗಿ ಕೂತಿದ್ದರು. ಸತ್ತವರು ಗಂಟೆ ಹೊಡೆಯುವ ತನಕ ಬಾಯಿ ಬಿಡಬಾರದು ಎಂಬುದು ಆಟದ ನಿಯಮ. ಹಾಗಾಗಿ ಒಬ್ಬ ಪೆನ್ಸಿಲ್ ಕಚ್ಚುತ್ತಿದ್ದ. ಇನ್ನೊಬ್ಬಳು ಪಕ್ಕದವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಆಟ ಕಟ್ಟಿದವಳು ಇತಿಹಾಸದ ಮೇಡಂ. ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲಿಷರು ಕಡಲು ದಾಟಿ ಹೋಗಿ, ಅಮೆರಿಕದ ಒಂದು ನದಿ ದಡದಲ್ಲಿ ಕೋಟೆ ಕಟ್ಟಿಕೊಂಡು, ಹೊಟ್ಟೆಗಿಲ್ಲದೆ ಸತ್ತ ಪಾಠ. ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ. ಓದಿಸಿದರೆ ಮಕ್ಕಳು ಆಕಳಿಸುತ್ತಾರೆ ಎಂದು ಅವಳು ‘ಎ’ ಸೆಕ್ಷನ್ನನ್ನು ವಲಸೆ ಬಂದವರನ್ನಾಗಿ ಮಾಡಿದಳು, ‘ಬಿ’ ಸೆಕ್ಷನ್ನನ್ನು ಅಲ್ಲಿ ಮೊದಲಿಂದ ಇದ್ದವರನ್ನಾಗಿ. ಚೀಟಿ ಎತ್ತಿಸಿ ಕಸುಬು ಹಂಚಿದಳು. ಬಡಗಿಗಳು ನಾಲ್ವರು, ಕೈಗೆ ಮಣ್ಣು ತಾಗಿಸಿಕೊಳ್ಳದ ದೊಡ್ಡ ಮನೆತನದವರು ಹದಿನೈದು, ಬೇಸಾಯ ಗೊತ್ತಿದ್ದವರು ಇಬ್ಬರೇ, ಉಳಿದವರು ಬಂದೂಕು ಹಿಡಿದ ಸಿಪಾಯಿಗಳು. ಪೀರಿಯಡ್ಡಿಗೆ ತಲೆಗೆ ಐದು ಮೆಕ್ಕೆಜೋಳದ ಕಾಳು, ಚಳಿ ಜ್ವರದ ಚೀಟಿ ಬಂದಾಗಲೆಲ್ಲ ಅದರಲ್ಲೊಂದು ಹೋಗುತ್ತದೆ. ಕಾಳು ಮುಗಿದವರು ಹಿಂದಿನ ಬೆಂಚಿಗೆ.

‘ಎ’ ಸೆಕ್ಷನ್ನಿಗೆ ಮೇಡಂ ತಾನೇ ಮುಖಂಡಳು, ‘ಬಿ’ ಸೆಕ್ಷನ್ನಿನ ಮುಖಂಡ ಭೂಗೋಳದ ಮೇಷ್ಟ್ರು. ಶಾಲೆಯಲ್ಲಿ ಎಲ್ಲರಿಗೂ ಅವನು ಮ್ಯಾಪ್ ಸರ್.

ಇನ್ನೊಂದು ನಿಯಮವಿತ್ತು. ಎರಡು ಕಡೆಯವರಿಗೂ ಪರಸ್ಪರರ ಭಾಷೆ ಬಾರದು. ಆದ್ದರಿಂದ ಇಬ್ಬರು ಮುಖಂಡರು ಶುಕ್ರವಾರದ ಕೊನೇ ಗಂಟೆಯವರೆಗೆ ಶಾಲೆಯೊಳಗೆ ನೇರವಾಗಿ ಮಾತಾಡುವಂತಿಲ್ಲ. ಮಾತಾಡಿದವರು ಅಲ್ಲೇ ಸತ್ತ ಹಾಗೆ. ಏನಿದ್ದರೂ ದುಭಾಷಿಯ ಮೂಲಕ. ದುಭಾಷಿ ‘ಬಿ’ ಸೆಕ್ಷನ್ನಿನ ಒಬ್ಬ ಹುಡುಗಿ. ತರಗತಿಯಲ್ಲಿ ಮಾತಾಡಿದ್ದಕ್ಕೆ ಆ ತಿಂಗಳಲ್ಲೇ ಮೂರು ಸಲ ಹೊರಗೆ ನಿಂತವಳು. ಅಡ್ಡಹೆಸರು ರೇಡಿಯೊ.

ಈ ನಿಯಮ ಮೊದಲ ಯೋಜನೆಯಲ್ಲಿ ಇರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಿದ್ದ ಹಾಗೆ ಮೇಡಂ ಅವಸರದಲ್ಲಿ ಸೇರಿಸಿದ್ದು. ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಈ ಶಾಲೆಗೆ ಬಂದದ್ದು ಹೆರಿಗೆ ರಜೆಗೆ ಹೋದವರ ಜಾಗಕ್ಕೆ. ನಾಲ್ಕು ವರ್ಷದಲ್ಲಿ ಇದು ಐದನೇ ಶಾಲೆ. ಎಲ್ಲಿಯೂ ತನ್ನದೆಂಬ ಒಂದು ಟೇಬಲ್ ಅವಳಿಗೆ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿದ್ದು ಮ್ಯಾಪ್ ಸರ್ ಟೇಬಲ್ಲಿನ ಒಂದು ತುದಿ. “ಆರು ತಿಂಗಳು ಅಷ್ಟೇ ಸರ್, ಒಂದು ಮೂಲೆ ಸಾಕು,” ಎಂದು ಮೊದಲ ದಿನ ಅಂದಿದ್ದಳು. ಎರಡು ತಿಂಗಳಲ್ಲಿ ಅವಳ ಪುಸ್ತಕ, ನೀರಿನ ಬಾಟಲಿ, ಛತ್ರಿ, ತಿದ್ದದ ನೋಟ್‌ಬುಕ್ಕುಗಳು ಎಲ್ಲ ಸೇರಿ ಅವನ ಗ್ಲೋಬಿನ ಬುಡಕ್ಕೆ ಬಂದವು. ಅವನು ತುಟಿ ಬಿಚ್ಚದೆ ವಾರಕ್ಕೊಂದು ಇಂಚು ಗ್ಲೋಬನ್ನು ಸರಿಸಿಕೊಂಡ. ಇನ್ನು ಸರಿಸಲು ಜಾಗವಿಲ್ಲ ಎಂದಾದ ದಿನ ಅದನ್ನೆತ್ತಿ ಕಪಾಟಿನ ಮೇಲಿಟ್ಟು, ಏನೂ ಆಗದವನ ಹಾಗೆ ಉತ್ತರಪತ್ರಿಕೆ ತಿದ್ದಲು ಕೂತ. ಒಂದು ಗ್ಲೋಬ್ ಎತ್ತಿಟ್ಟದ್ದಕ್ಕೆ ಯಾರಾದರೂ ಮನಸ್ಸು ಕಳೆದುಕೊಳ್ಳುತ್ತಾರೆಯೇ? ಅವಳು ಕಳೆದುಕೊಂಡಳು.

ಅವನದೂ ಅದೇ ಕತೆ ಎಂದು ಅವಳು ಅಂದುಕೊಂಡಿದ್ದಳು. ಮಕ್ಕಳ ತಪ್ಪು ಉತ್ತರ ಓದಿ ಅವಳು ನಕ್ಕರೆ ಅವನ ಪೆನ್ನು ನಿಲ್ಲುತ್ತಿತ್ತು. ತಲೆ ಎತ್ತುತ್ತಿರಲಿಲ್ಲ, ಕಣ್ಣು ಮಾತ್ರ ಎತ್ತುತ್ತಿದ್ದ.

ಆದರೆ ಕಳೆದ ಶುಕ್ರವಾರ ಅವಳು, ದೂರದ ಶಾಲೆಯೊಂದರಲ್ಲಿ ಕಾಯಂ ಕೆಲಸ ಸಿಕ್ಕಿದೆ, ಇನ್ನೊಂದು ವಾರ ಕಳೆದ ಮೇಲೆ ಸೋಮವಾರ ಸೇರಬೇಕು ಎಂದಾಗ ಅವನು “ಹೌದಾ” ಎಂದನಷ್ಟೆ. ಎದ್ದು ಹೋಗಿ ಗೋಡೆಯ ನಕ್ಷೆಯ ಮುಂದೆ ಅವಳಿಗೆ ಬೆನ್ನು ಹಾಕಿ ನಿಂತ. ಹೆಬ್ಬೆರಳು, ತೋರುಬೆರಳು ಅಗಲಿಸಿ ನಕ್ಷೆಯ ಮೇಲೆ ಏಡಿಯ ಹಾಗೆ ನಡೆಸುತ್ತಿದ್ದ. ಅವಳು ಗಂಟೆ ಹೊಡೆಯುವ ತನಕ ಕಾದಳು. ಅವನು ತಿರುಗಲಿಲ್ಲ.

ಮಾರನೇ ದಿನ ಗೇಟಿನ ಹತ್ತಿರ ತಡೆದು, “ನಿಮ್ಮ ಹತ್ರ ಒಂದು ಮಾತಿದೆ. ಒಂದು ಕೆಲಸ ಮುಗಿಸ್ಕೊಂಡು ಸೋಮವಾರ ಹೇಳ್ತೀನಿ,” ಎಂದ.

ಆ ಮಾತು ಏನೆಂದು ಅವಳು ಊಹಿಸಿದಳು. ನಾಲ್ಕು ಶಾಲೆಗಳು ಅವಳಿಗೆ ಒಂದೊಂದು ಪೆನ್ನು ಕೊಟ್ಟು ಒಳ್ಳೇದಾಗಲಿ ಎಂದು ಕಳಿಸಿದ್ದವು. ಐದನೇ ಪೆನ್ನನ್ನು ಇವನ ಕೈಯಿಂದ ತೆಗೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಹಾಗಾಗಿ ನಿಯಮ ಮಾಡಿ ಅವನ ಬಾಯಿಗೆ ಬೀಗ ಹಾಕಿದಳು. ಸಂಜೆ ಫೋನ್ ಬಂದರೂ ಎತ್ತಲಿಲ್ಲ. ಮಂಗಳವಾರದಿಂದ ಫೋನೂ ನಿಂತಿತು. ಕಣ್ಣೆತ್ತಿ ನೋಡಬಾರದೆಂಬ ನಿಯಮ ಮಾತ್ರ ಮಾಡಲು ಮರೆತಿದ್ದಳು. ಅವನು ದಿನವೂ ಟೇಬಲ್ಲಿನ ಆ ಬದಿ ಕೂತು, ಮುಚ್ಚಳ ತೆಗೆಯದ ಊಟದ ಡಬ್ಬಿಯ ಮೇಲಿಂದ ಅವಳನ್ನೇ ನೋಡುತ್ತಿದ್ದ.

ಬುಧವಾರ ಮಧ್ಯಾಹ್ನ ಅನಾಹುತವಾಯಿತು. ‘ಬಿ’ ಸೆಕ್ಷನ್ನಿನ ಕಪಾಟಿನಲ್ಲಿದ್ದ ಜೋಳದ ಜಾಡಿ ಮಾಯವಾಗಿತ್ತು. ಚೀಟಿಯಲ್ಲಿ ‘ಎ’ ಸೆಕ್ಷನ್ನಿನ ಗವರ್ನರ್ ಆದ ಕಡ್ಡಿಯಂಥ ಒಬ್ಬ ಹುಡುಗಿ, ಬದುಕುಳಿದವರಲ್ಲಿ ನಾಲ್ವರನ್ನು ಕರೆದುಕೊಂಡು ಹೋಗಿ ಎತ್ತಿಕೊಂಡು ಬಂದಿದ್ದಳು. ನೂಕಾಟದಲ್ಲಿ ‘ಬಿ’ಯ ಹುಡುಗನೊಬ್ಬನ ಅಂಗಿ ಹರಿಯಿತು. ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದು, ಇನ್ನೊಂದು ದೂರು ಬಂದರೆ ಆಟ ನಿಲ್ಲಿಸುತ್ತೇನೆ, ಶುಕ್ರವಾರದ ಸಂಧಾನಕ್ಕೆ ನಾನೇ ಬಂದು ಕೂರುತ್ತೇನೆ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಮ್ಯಾಪ್ ಸರ್ ರೇಡಿಯೊಳನ್ನು ಕರೆದುಕೊಂಡು ಬಂದು ಎದುರಿಗೆ ಕೂತ. ನೋಟ ಮೇಡಂ ಮೇಲೆ, ಮಾತು ರೇಡಿಯೊ ಜೊತೆ.

“ಇದು ಅವರಿಗೆ ಮುಂಚೆನೇ ಗೊತ್ತಿತ್ತಾ ಕೇಳಮ್ಮ.”

“ಮುಂಚೆನೇ ಗೊತ್ತಿತ್ತಾ ಅಂತೆ ಮೇಡಂ.”

“ಇಲ್ಲ ಅನ್ನು. ಹಸಿದೋರು ಕದೀತಾರೆ, ಪಾಠದಲ್ಲಿರೋದೂ ಅದೇ ಅನ್ನು.”

“ಪಾಠದಲ್ಲೇ ಇದೆಯಂತೆ ಸರ್.”

ಅವನ ಕಿವಿ ಕೆಂಪಾಯಿತು. “ಕದಿಯೋ ಮುಂಚೆ ಬಾಯಿ ಬಿಟ್ಟು ಮಾತಾಡಬಹುದಿತ್ತಲ್ಲ ಅಂತ ಕೇಳು. ಮಾತಾಡೋ ದಾರೀನೇ ಮುಚ್ಚಿ ಕೂತ್ರೆ ಈ ಕಡೆಯವರು ಏನು ಮಾಡ್ಬೇಕಂತೆ? ಹೋಗೋರು ಹೋಗ್ತಾರೆ, ಸರಿ. ಒಂದು ಮಾತು ಕೇಳಿಸ್ಕೊಂಡು ಹೋದ್ರೆ ಅವರ ಗಂಟೇನು ಹೋಗುತ್ತೆ?”

ರೇಡಿಯೊ ಇಬ್ಬರ ಮುಖವನ್ನೂ ನೋಡಿದಳು. “ಸರ್, ಇದು ಜೋಳದ ಬಗ್ಗೆನೇ ಅಲ್ವಾ?”

ಪಕ್ಕದ ಟೇಬಲ್ಲಿನ ಗಣಿತದ ಮೇಷ್ಟ್ರಿಗೆ ಅನ್ನ ನೆತ್ತಿಗೇರಿತು. ಮ್ಯಾಪ್ ಸರ್ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಮಡಚಿದ ಕಾಗದವೊಂದರ ಅಂಚು ಕಾಣುತ್ತಿತ್ತು. ಮುಟ್ಟಿದ, ತೆಗೆಯಲಿಲ್ಲ, ಎದ್ದು ಹೋದ. ಬೀಳ್ಕೊಡುಗೆಯ ಭಾಷಣ ಆಗಲೇ ಬರೆದಾಗಿದೆ ಎಂದುಕೊಂಡಳು ಮೇಡಂ. ಆ ಮಧ್ಯಾಹ್ನ ಅವಳಿಗೂ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ.

ಗುರುವಾರ ಸಂಜೆ ಮನೆಯಲ್ಲಿ ಪೆಟ್ಟಿಗೆ ಕಟ್ಟುವಾಗ ಅವಳ ಅಕ್ಕ ಎಲ್ಲ ಕೇಳಿಸಿಕೊಂಡಳು. ಅಕ್ಕನದು ಸುತ್ತಿ ಬಳಸಿ ಮಾತಾಡುವ ಜಾತಿಯಲ್ಲ.

“ನೀನೇ ಅವನ ಬಾಯಿ ಮುಚ್ಚಿಸಿ, ಅವನು ಏನೂ ಹೇಳಲ್ಲ ಅಂತ ನೀನೇ ಅಳೋದು. ನಿಂಗೆ ಪಾಠ ಮಾಡೋಕೆ ಸಂಬಳ ಬೇರೆ ಕೊಡ್ತಾರೆ.”

ಶುಕ್ರವಾರ ಕೊನೇ ಪೀರಿಯಡ್. ಸಭಾಂಗಣದ ನಡುವೆ ಸೀಮೆಸುಣ್ಣದ ಗೆರೆ. ಒಂದು ಕಡೆ ‘ಎ’, ಇನ್ನೊಂದು ಕಡೆ ‘ಬಿ’, ಹಿಂದೆ ಸತ್ತವರ ಬೆಂಚು. ಆ ಹೊತ್ತಿಗೆ ಸತ್ತವರು ಇಪ್ಪತ್ತಮೂರು ಜನ. ಹೆಡ್ ಮೇಡಂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗವರ್ನರ್ ಹುಡುಗಿ ಜಾಡಿಯನ್ನು ಗೆರೆಯ ಮೇಲಿಟ್ಟು ತಪ್ಪಾಯಿತೆಂದಳು, ಚಳಿಗಾಲ ಕಳೆಯುವಷ್ಟು ಜೋಳ ಕೇಳಿದಳು. ‘ಬಿ’ ಸೆಕ್ಷನ್ ಗುಸುಗುಸು ಮಾಡಿ, ಮುಖಂಡನ ಪ್ರಶ್ನೆಯನ್ನು ರೇಡಿಯೊ ಕೈಲಿ ಕಳಿಸಿತು. ಇರ್ತೀರೋ, ಹೋಗ್ತೀರೋ?

“ನಮ್ಮ ಹಡಗು ಸೋರ್ತಿದೆ. ರಿಪೇರಿ ಆದ ತಕ್ಷಣ ಹೋಗ್ತೀವಿ,” ಎಂದಳು ಗವರ್ನರ್.

ಇಡೀ ಸಭಾಂಗಣ ನಕ್ಕಿತು. ಆ ಇಂಗ್ಲಿಷರು ಇದೇ ಸುಳ್ಳು ಹೇಳಿದ್ದರೆಂದು ಮೇಡಂ ಸೋಮವಾರವೇ ಕಲಿಸಿದ್ದಳು.

ರೇಡಿಯೊ ಗೆರೆಯ ಹತ್ತಿರ ಬಂದಳು. “ನಮ್ಮ ಸರ್‌ಗೆ ನಂಬಿಕೆ ಇಲ್ಲ. ನಿಮ್ಮ ದೊಡ್ಡವರೇ ನಿಜ ಹೇಳ್ಬೇಕಂತೆ.”

ಎಲ್ಲ ಮುಖಗಳೂ ಮೇಡಂ ಕಡೆ ತಿರುಗಿದವು. ಕೊನೇ ಗಂಟೆಗೆ ಹನ್ನೊಂದು ನಿಮಿಷ ಉಳಿದಿತ್ತು. ಅಷ್ಟು ಹೊತ್ತು ಸುಮ್ಮನಿದ್ದರೆ ಸಾಕು, ಮುಗಿಯುತ್ತದೆ. ಚೀಲ ಎತ್ತಿಕೊಂಡು ಹೋಗಬಹುದು, ಸಭ್ಯವಾಗಿ, ಹಿಂದಿನ ನಾಲ್ಕು ಸಲದ ಹಾಗೆ. ಅವಳ ಕಾಲುಗಳು ಗೆರೆಯ ಕಡೆ ನಡೆದವು. ರೇಡಿಯೊಳನ್ನು ದಾಟಿ ನೇರ ಅವನ ಮುಂದೆ ನಿಂತಳು.

“ಶನಿವಾರ ಏನೋ ಮಾತಿದೆ ಅಂದ್ರಲ್ಲ ಸರ್, ಏನದು? ಕೇಳಿಸ್ಕೊಳ್ಳೋಕೆ ಹೆದರಿ ನಾನು ಈ ನಿಯಮ ಮಾಡಿದ್ದು. ಆಟಕ್ಕೆ ಅದು ಬೇಕಿರಲಿಲ್ಲ.”

ಒಂದು ಪೆನ್ಸಿಲ್ ಬಿದ್ದು ಉರುಳಿದ್ದು ಕೇಳಿಸಿತು. ಮೊದಲು ಚೇತರಿಸಿಕೊಂಡವಳು ರೇಡಿಯೊ.

“ಮೇಡಂ,” ಎಂದಳು ಮೆತ್ತಗೆ, “ನೀವು ಸತ್ರಿ.”

ಮೇಡಂ ಹೋಗಿ ಸತ್ತವರ ಬೆಂಚಿನಲ್ಲಿ ಕೂತಳು. ಪೆನ್ಸಿಲ್ ಕಚ್ಚುವವನು ಗಂಭೀರವಾಗಿ ಸರಿದು ಜಾಗ ಕೊಟ್ಟ.

ಮ್ಯಾಪ್ ಸರ್ ಉತ್ತರವನ್ನು ರೇಡಿಯೊ ಕೈಲಿ ಕಳಿಸಬಹುದಿತ್ತು. ಕಳಿಸಲಿಲ್ಲ. “ಅದನ್ನ ಇನ್ನೊಬ್ಬರ ಬಾಯಲ್ಲಿ ಹೇಳ್ಸೋಕಾಗಲ್ಲ ಮೇಡಂ,” ಎಂದ, ಅಷ್ಟು ದೂರದಿಂದ, ಅವಳಿಗೇ.

“ಸರ್, ನೀವೂ,” ಎಂದಳು ರೇಡಿಯೊ. ಅವಳ ದನಿಯಲ್ಲಿ ದುಃಖವಿತ್ತು, ಕೆಲಸ ಹೋದವರ ದುಃಖ.

ಅವನು ಬಂದು ಪಕ್ಕದಲ್ಲಿ ಕೂತ. ನಡುವೆ ಒಂದು ಗೇಣು ಜಾಗ. ಸತ್ತವರು ಮಾತಾಡುವಂತಿಲ್ಲ. ಅವನು ಜೇಬಿನ ಕಾಗದ ತೆಗೆದು ಅವಳ ಮಡಿಲಲ್ಲಿಟ್ಟು, ತನ್ನ ಚಪ್ಪಲಿ ನೋಡುತ್ತ ಕೂತ.

ವಾರವಿಡೀ ಬೆವರು ಕುಡಿದು ಮಡಿಕೆಗಳು ಹರಿಯುವಂತಾಗಿದ್ದವು. ಭಾಷಣವಲ್ಲ. ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆ. ಒಂದು ತುದಿಗೆ ಈ ಶಾಲೆ, ಇನ್ನೊಂದು ತುದಿಗೆ ಅವಳ ಹೊಸ ಶಾಲೆ, ನಡುವೆ ರಸ್ತೆ. ರಸ್ತೆಯ ಸರಿಮಧ್ಯದಲ್ಲಿ ಒಂದು ಪುಟ್ಟ ಚೌಕ. ಚೌಕದಿಂದ ಆ ಕಡೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ, ಈ ಕಡೆಗೂ ನಲವತ್ತು. ಕೆಳಗೆ ಎರಡು ಸಾಲು. ‘ಮನೆ ಭಾನುವಾರ ನೋಡಿ ಬಂದೆ, ಎರಡು ಕೋಣೆ. ನೀವು ನನ್ನನ್ನು ಮದುವೆಯಾಗಲು ಒಪ್ಪಿದರೆ.’

ಗೋಡೆಯ ನಕ್ಷೆಯ ಮೇಲೆ ಓಡಾಡಿದ ಆ ಎರಡು ಬೆರಳು ಅವಳ ಕಣ್ಣ ಮುಂದೆ ಬಂದವು. ಅವನು ಅವಳಿಗೆ ಬೆನ್ನು ಹಾಕಿ ದೂರ ಅಳೆಯುತ್ತಿದ್ದ.

ತಲೆ ಆಡಿಸಿದ್ದರೆ ಮುಗಿಯುತ್ತಿತ್ತು, ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ. ಅವಳು ಆಡಿಸಲಿಲ್ಲ. ಒಂದು ವಾರ ಇಬ್ಬರ ಮಾತನ್ನೂ ಕಟ್ಟಿಹಾಕಿದವಳು ಬಾಯಿ ಬಿಟ್ಟೇ ಹೇಳಬೇಕು ಅನ್ನಿಸಿತು. ಪಕ್ಕದಲ್ಲಿ ಅವನು ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಇವನಿಗೂ ಭಯವಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಮುಂದೆ ಮಕ್ಕಳು ಮುಖಂಡರಿಲ್ಲದೆ ಸಂಧಾನ ನಡೆಸಿದರು. ಕೂಗಾಡಿ, ಕೈ ಎತ್ತಿಸಿ, ಜೋಳ ಕೊಡುವುದೆಂದೂ ಬಂದೂಕುಗಳನ್ನು ಗೆರೆಯ ‘ಬಿ’ ಕಡೆ ಇಡಿಸಿಕೊಳ್ಳುವುದೆಂದೂ ತೀರ್ಮಾನಿಸಿದರು. ಗಂಟೆ ಹೊಡೆಯಿತು. ಯಾರೂ ಎದ್ದು ಓಡಲಿಲ್ಲ.

“ಮೇಡಂ, ನಿಜವಾಗಿ ಏನಾಯ್ತು?” ಎಂದಳು ರೇಡಿಯೊ.

ಮೇಡಂ ಎದ್ದು ನಿಂತಳು, ಕಾಗದ ಮುಷ್ಟಿಯಲ್ಲಿತ್ತು. “ಜೋಳ ಕೊಟ್ಟರು. ಕೋಟೆಯವರು ಒಂದಷ್ಟು ಜನ ಬದುಕಿಕೊಂಡರು. ಬದುಕಿದವರು ಹೋಗಲಿಲ್ಲ, ಬಂದೂಕೂ ಕೆಳಗಿಡಲಿಲ್ಲ. ಇನ್ನಷ್ಟು ಹಡಗು ಬಂದವು. ಕೊನೆಗೆ ಆ ನೆಲ ಬಿಟ್ಟು ಹೋಗಬೇಕಾದ್ದು ಜೋಳ ಕೊಟ್ಟವರೇ.”

‘ಬಿ’ ಸೆಕ್ಷನ್ನಿನವರು ಜಾಡಿಯನ್ನೇ ನೋಡಿದರು. ಗವರ್ನರ್ ಹುಡುಗಿ ತನ್ನ ಪಾಲಿನ ಐದು ಕಾಳನ್ನು ಅದರೊಳಗೆ ಹಾಕಿ ಹೊರಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹೆಡ್ ಮೇಡಂ ಬಾಗಿಲಲ್ಲಿ ನಿಂತು, “ಪಾಠ ಚೆನ್ನಾಗಿತ್ತು. ನಡುವೆ ಸ್ವಲ್ಪ ಪುಸ್ತಕದಲ್ಲಿ ಇರಲಿಲ್ಲ,” ಎಂದು ಹೇಳಿ ಹೊರಟರು.

ಅವನು ಇನ್ನೂ ಬೆಂಚಿನಲ್ಲೇ ಕೂತಿದ್ದ. ಅವಳು ಕಾಗದ ಬಿಡಿಸಿ ಅವನ ಮುಂದೆ ಹಿಡಿದಳು.

“ಈ ಎರಡು ಕೋಣೇಲಿ ಎರಡು ಟೇಬಲ್ ಹಿಡಿಸುತ್ತಾ? ನನಗೆ ನಂದೇ ಅಂತ ಒಂದು ಬೇಕು. ಮೂಲೆ ಸಾಕಾಗಲ್ಲ ಸರ್.”

ಅವನು ಕಾಗದವನ್ನು ತಿರುಗಿಸಿದ. ಹಿಂಬದಿಯಲ್ಲಿ ಕೋಣೆಗಳ ಅಳತೆ ಇತ್ತು, ಗೋಡೆ ಗೋಡೆಗೂ ಅಡಿ ಇಂಚು ಸಮೇತ. ಬಾಗಿಲ ಹತ್ತಿರ ಒಂದು ಟೇಬಲ್, ಕಿಟಕಿಯ ಹತ್ತಿರ ಇನ್ನೊಂದು.

“ಕಿಟಕಿ ಹತ್ರದ್ದು ನಿಮ್ದು,” ಎಂದ.

ಅವಳು ಅವನ ಜೇಬಿನ ಪೆನ್ಸಿಲ್ ತೆಗೆದುಕೊಂಡು, ಕಿಟಕಿ ಬದಿಯ ಟೇಬಲ್ಲಿನ ಮೇಲೆ ಒಂದು ಸಣ್ಣ ವೃತ್ತ ಬರೆದಳು.

“ಗ್ಲೋಬ್ ಇಲ್ಲಿರಲಿ,” ಎಂದಳು.