ಹೂಂ ಎನ್ನುವ ಡಬ್ಬಿ

"ಅಲ್ಲಿಂದ ಮುಂದಕ್ಕ ಅರಸನ ಮಗಳು ಏಳನೇ ಅಗಸಿ ಬಾಗಿಲು ದಾಟಿದಳು," ಎಂದಳು ಕಥೆ ಹೇಳುವ ಅಜ್ಜಿ ತಿಪ್ಪವ್ವ.

"ಹೂಂ," ಎಂದಿತು ಮೇಜಿನ ಮೇಲಿನ ಡಬ್ಬಿ.

ಆ ಹೂಂ ತಕ್ಕ ಗಳಿಗೆಯಲ್ಲೇ ಬಂದಿತ್ತು. ಆದರೂ ಗೋಡೆಗೆ ಒರಗಿ ನಿಂತಿದ್ದ ನೀಲಾಂಬಿಕಾ ಡಬ್ಬಿಯಿಂದ ಕಣ್ಣು ಕೀಳಲಿಲ್ಲ.

ಡಬ್ಬಿಯ ಅಧಿಕೃತ ಹೆಸರು ಪ್ರತಿಶ್ರಾವಕ. ಕಥೆ ಹೇಳುವವರಿಗೆ ಎದುರಿಗೊಬ್ಬರು ಹೂಂಗುಟ್ಟುತ್ತಿರಬೇಕು. ಇಲ್ಲದಿದ್ದರೆ ಮಾತು ಸೊರಗುತ್ತದೆ. ಮನೆಗಳಲ್ಲಿ ಹಾಗೆ ಕೂತು ಕೇಳುವವರು ಇಲ್ಲವಾಗಿ ಎಷ್ಟೋ ಕಾಲವಾಗಿತ್ತು. ಪ್ರತಿಶ್ರಾವಕವು ಹೇಳುವವರ ಉಸಿರಿನ ಏರಿಳಿತವನ್ನೂ ದನಿ ತಗ್ಗುವ ಬಗೆಯನ್ನೂ ಅಳೆದು, ಮಾತಿನ ಬಿಡುವಿನಲ್ಲಿ ಹೂಂ ಎನ್ನುತ್ತಿತ್ತು. ಕಥೆಯನ್ನು ಧ್ವನಿಮುದ್ರಿಸಿಯೂ ಇಡುತ್ತಿತ್ತು.

ಮಾಧ್ಯಮ ಮತ್ತು ಸಂವಹನದ ಬಹುಶಾಸ್ತ್ರೀಯ ವಿಭಾಗದಲ್ಲಿ ಇದು ನೀಲಾಂಬಿಕಾಳ ಸಂಶೋಧನೆ. ಗಣಕಶಾಸ್ತ್ರದವರು ಅವಳನ್ನು ಜಾನಪದದವಳೆನ್ನುತ್ತಿದ್ದರು, ಜಾನಪದದವರು ಯಂತ್ರದವಳೆನ್ನುತ್ತಿದ್ದರು. ಎರಡೂ ಕಡೆಯ ಸಭೆಗಳಿಗೆ ಚಹಾ ತರಿಸುವ ಕೆಲಸ ಮಾತ್ರ ಅವಳದೇ ಆಗಿತ್ತು.

ಇವತ್ತಿನದು ಕೊನೆಯ ಪರೀಕ್ಷೆ. ಒಂದು ಕಥೆ ಯಂತ್ರದ ಮುಂದೆ ಮೊದಲಿನಿಂದ ಕೊನೆಯವರೆಗೆ ನಡೆಯಬೇಕು. ಸಂಶೋಧಕಿ ನಡುವೆ ಯಂತ್ರಕ್ಕೆ ಕೈ ಹಾಕಿದರೆ ಪರೀಕ್ಷೆ ರದ್ದು, ಪದವಿಯೂ ಇಲ್ಲ. ಆ ಭಯಕ್ಕೆ ಅವಳು ವಾರದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

ಪರೀಕ್ಷಕರಾಗಿ ಕೂತಿದ್ದ ಗಣಕಶಾಸ್ತ್ರದ ಉದ್ಯಾವರ ಸರ್ ಹಿಗ್ಗಿ, ಜೊತೆಯ ಪರೀಕ್ಷಕಿ ಜಾನಪದದ ಲೋಹಿತಾ ಮೇಡಂ ಕಡೆಗೆ ಬಾಗಿದರು. "ನೋಡಿದಿರಾ? ನಿಮ್ಮ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ."

"ನಿಮ್ಮ ತರಗತಿಗೂ ಒಂದು ಇಟ್ಟುಕೊಳ್ಳಿ ಸರ್. ಹೂಂ ಅನ್ನುವವರು ಒಬ್ಬರಾದರೂ ಇದ್ದ ಹಾಗಾಗುತ್ತದೆ."

ಊಟದ ಹೊತ್ತು ಮೀರಿತು. ಅರಸನ ಮಗಳಿಗೆ ಮದುವೆಯಾಯಿತು. ಗಂಡ ಕಳೆದುಹೋದ, ಸಿಕ್ಕ, ಮತ್ತೆ ಕಳೆದುಹೋದ. ಹೇಳಿ ಹೇಳಿ ತಿಪ್ಪವ್ವನ ದನಿ ಕುಗ್ಗಿತು. ಕುರ್ಚಿಗೆ ಒರಗಿದವಳು ಮತ್ತೆ ಮತ್ತೆ ನೆಟ್ಟಗೆ ಕೂರುತ್ತಿದ್ದುದು ನೀಲಾಂಬಿಕಾಳಿಗೆ ಕಂಡಿತು. ಡಬ್ಬಿ ಮಾತ್ರ ಬೆಳಗಿನ ಹುರುಪಿನಲ್ಲೇ ಹೂಂ ಎನ್ನುತ್ತಿತ್ತು.

ತಡೆಯಲಾರದೆ ನೀಲಾಂಬಿಕಾ ನೀರು ಕೊಂಡೊಯ್ದಳು. "ಸಾಕವ್ವಾ, ಮುಗಿಸಿಬಿಡ್ರಿ."

"ಹೆಂಗ ಮುಗಸ್ಲಿ? ಇದು ಇನ್ನಾ ಎಚ್ಚರ ಐತಲ್ಲ. ಕೂಸು ಹೂಂ ಅಂತ ಅಂತ ನಿದ್ದಿ ಹೋದ್ರ ಕಥಿ ಮುಗಸೂದು. ಇದ್ಯಾವ ಹಟಮಾರಿ ಕೂಸು ಯವ್ವಾ, ಕಣ್ಣ ಮುಚ್ಚವೊಲ್ದು."

ನೀಲಾಂಬಿಕಾಳಿಗೆ ತನ್ನ ತಪ್ಪು ಹೊಳೆಯಿತು. ಡಬ್ಬಿಗೆ ಕೇಳುವುದನ್ನೆಲ್ಲ ಕಲಿಸಿದ್ದಳು, ದಣಿಯುವುದನ್ನು ಕಲಿಸಿರಲಿಲ್ಲ. ಅವಳ ಕೈ ಅದನ್ನು ಆರಿಸುವ ಗುಂಡಿಯ ಮೇಲೆ ಹೋಯಿತು.

"ಪರೀಕ್ಷೆ ರದ್ದಾಗುತ್ತದೆ, ಯೋಚಿಸಿ," ಎಂದರು ಉದ್ಯಾವರ.

"ಗೊತ್ತು ಸರ್." ಅವಳು ಡಬ್ಬಿಯನ್ನು ಆರಿಸಿದಳು.

ತಿಪ್ಪವ್ವ ಗಾಬರಿಯಾದಳು. "ಏನಾತ ಇದಕ್ಕ? ಹಿಂಗ ಗಪ್ಪನೆ ನಿಂತ್ರ ಅದು ನಿದ್ದಿ ಅಲ್ಲವ್ವಾ."

"ಏನೂ ಆಗಿಲ್ಲ. ನನಗ ಹೇಳ್ರಿ," ಎಂದು ನೀಲಾಂಬಿಕಾ ಅವಳ ಕಾಲ ಬಳಿ ನೆಲದ ಮೇಲೆ ಕೂತಳು.

ಅರಸನ ಮಗಳು ಗಂಡನನ್ನು ಹುಡುಕುತ್ತ ದೋಣಿ ಹತ್ತಿದಳು. ಹೂಂ. ಪದವಿ ಹೋಯಿತು, ಮನೆಯಲ್ಲಿ ಏನು ಹೇಳಲಿ? ಹೂಂ. ದೋಣಿ ಮೆಲ್ಲಗೆ ತೂಗತೊಡಗಿತು. ಹೂಂ...

ಕಣ್ಣು ಬಿಟ್ಟಾಗ ಮೈಮೇಲೆ ಲೋಹಿತಾ ಮೇಡಂ ಅವರ ಶಾಲು ಇತ್ತು. ಕಿಟಕಿಯ ಪರದೆ ಎಳೆದಿದ್ದರು. ಧಡಕ್ಕನೆ ಏಳಹೋದವಳಿಗೆ ಉದ್ಯಾವರ ಸರ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ತಿಪ್ಪವ್ವ ಕುರ್ಚಿಯಲ್ಲೇ ಮಲಗಿದ್ದಳು.

"ನಿಮ್ಮ ಹೂಂ ನಿಂತದ್ದೇ ತಡ, ದನಿ ಇಳಿಸಿ ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು," ಎಂದು ಸರ್ ಪಿಸುಗುಟ್ಟಿದರು. "ಯಂತ್ರ ನಪಾಸು."

"ನೀನಲ್ಲ," ಎಂದರು ಲೋಹಿತಾ ಮೇಡಂ. "ಅದು ಯಾಕೆ ನಪಾಸಾಯಿತು ಅಂತ ಬರೆದುಕೊಡು. ಅದೇ ನಿನ್ನ ಪ್ರಬಂಧ."

ಸರ್ ತಲೆಯಾಡಿಸಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನೀಲಾಂಬಿಕಾ ಕಂಡಿದ್ದು ಅದೇ ಮೊದಲು. ಕಥೆಯ ಕೊನೆ ಕೇಳಲು ಅವಳು ಡಬ್ಬಿಗೆ ಕೈ ಚಾಚಿದಳು. ಆಗ ನೆನಪಾಯಿತು: ಡಬ್ಬಿ ಆರಿಸಿದಾಗಲೇ ಧ್ವನಿಮುದ್ರಣವೂ ನಿಂತಿತ್ತು.

"ಅರಸನ ಮಗಳಿಗೆ ಗಂಡ ಸಿಕ್ಕನೇ ಮೇಡಂ?"

"ಸಿಕ್ಕ," ಎಂದರು ಲೋಹಿತಾ.

"ಎಲ್ಲಿ ಸಿಕ್ಕ? ಅವಳು ದೋಣಿಯಲ್ಲೇ ಉಳಿದಳಲ್ಲ," ಎಂದರು ಉದ್ಯಾವರ.

ಪಿಸುಮಾತು ವಾದಕ್ಕೆ ತಿರುಗಿತು. ತಿಪ್ಪವ್ವ ಕಣ್ಣು ತೆರೆಯದೆಯೇ ಗದರಿದಳು. "ಗದ್ದಲ ಮಾಡಬ್ಯಾಡ್ರಿ. ಈ ಕೂಸಿಗೆ ಮತ್ತ ನಿದ್ದಿ ಬಂದಾಗ ಹೇಳ್ತೀನಿ."